ಮೂರನೆಯ ಉಪಚಾರ

ಜಪಾನಿನ ಹಚಿನೊಹೆ ಬಂದರಿಗೆ ಬೊಂಡಾಸು, ಅಂದರೆ ಸ್ಕ್ವಿಡ್, ಹಿಡಿದ ದೋಣಿಗಳು ಬರುವ ಕಾಲದಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುವುದು ಬೆಕ್ಕುಗಳು ಮಾತ್ರ. ಸಂಜೆ ಇಳಿದ ಮಾಲನ್ನು ತೊಳೆದು, ತೂಗಿ, ಹಿಮದ ಕೋಣೆಗೆ ಸೇರಿಸುವಷ್ಟರಲ್ಲಿ ಊರಿನ ಅರ್ಧ ಅಡುಗೆಮನೆಗಳು ಒಲೆ ಆರಿಸಿರುತ್ತವೆ. ಆ ಹೊತ್ತಿನಲ್ಲಿ ಎಂಟು ಜನ ಹಸಿದವರನ್ನು ಕೂರಿಸಿ ಉಣ್ಣಿಸುವಂಥ ಇಝಕಾಯ ಎನ್ನುವ ಕುಡಿತ-ಊಟದ ಅಂಗಡಿ ಹುಡುಕುವುದು ಹುಡುಗಾಟವಲ್ಲ. ಮೀನು ಚೆನ್ನಾಗಿರುವಲ್ಲಿ ಜಾಗವಿಲ್ಲ, ಜಾಗವಿರುವಲ್ಲಿ ಮೀನಿಗೆ ನಿನ್ನೆಯ ವಾಸನೆ, ಎರಡೂ ಸರಿಯಿರುವಲ್ಲಿ ಒಡತಿಯ ಬಾಯಿ ಸರಿಯಿಲ್ಲ.

ಕಾಯ್ತಾನಿ ಶೈತ್ಯಾಗಾರದ ಕಚೇರಿಯಲ್ಲಿ ಈ ಕೆಲಸ ಮುತ್ಸುಕೊ ಶಿಮಾಮೊರಿಯದು. ಯಾರೂ ವಹಿಸಿದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಮಾಡಿದಳು, ಚೆನ್ನಾಗಿ ಮಾಡಿದಳು, ಅದೇ ತಪ್ಪಾಯಿತು. ಅಂದಿನಿಂದ ವರ್ಷಾಂತ್ಯದ ಊಟ, ಹೊಸಬರ ಸ್ವಾಗತ, ಹೋಗುವವರ ಬೀಳ್ಕೊಡುಗೆ ಎಲ್ಲಕ್ಕೂ ಅವಳೇ ಉಸ್ತುವಾರಿ. ಸಹೋದ್ಯೋಗಿ ಓದಾತೆಯವರಿಗೆ ಏಡಿ ತಿಂದರೆ ಮೈಯೆಲ್ಲ ದದ್ದು. ಲೆಕ್ಕದ ಕೋಣೆಯ ಮುದುಕರಿಗೆ ಮಂಡಿ ನೋವು, ಮೆಟ್ಟಿಲಿರುವ ಅಂಗಡಿ ಆಗದು. ವಿಭಾಗದ ಮುಖ್ಯಸ್ಥ ಆಕೆದೊ ಬೊಂಡಾಸಿನ ಲಿವರ್ ಕಂಡರೆ ಮುಖ ಕಿವುಚುತ್ತಾನೆ. ಇದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಊಟದ ದಿನ ಅವಳ ಜಾಗ ಬಾಗಿಲ ಪಕ್ಕ, ಎಲ್ಲಕ್ಕಿಂತ ಕೆಳಗಿನದು. ತಟ್ಟೆ ಈಸಿಕೊಳ್ಳುವುದು, ಬಿಯರ್ ಮುಗಿದವರಿಗೆ ತರಿಸುವುದು, ತೆರೆದ ಬಾಗಿಲಿನ ಗಾಳಿ ಬೆನ್ನಿಗೆ ಹೊಡೆಸಿಕೊಳ್ಳುವುದು. ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎನ್ನುತ್ತಾರೆ. ಬಡಿಸುವವರು ಯಾವ ಪಂಕ್ತಿಯಲ್ಲಿ ಕೂರಬೇಕು ಎಂದು ಮಾತ್ರ ಯಾರೂ ಹೇಳಿಲ್ಲ.

ಈ ಅಕ್ಟೋಬರಿನಲ್ಲಿ ಮುತ್ಸುಕೊಗೆ ನಿವೃತ್ತಿ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ, ಮನೆಯಲ್ಲಿ ಮಾತಾಡುವುದು ಟೀವಿ ಮಾತ್ರ. ಹಾಗಾಗಿ ಕಚೇರಿ ಬಿಡುವುದೆಂದರೆ ಮಾತು ಬಿಟ್ಟ ಹಾಗೆಯೇ. ಅದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಆದರೆ ಒಂದೇ ಒಂದು ಆಸೆ ಗಂಟಲಲ್ಲಿ ಉಳಿದಿತ್ತು: ತಾನು ಹೊಂದಿಸದ ಒಂದು ಊಟಕ್ಕೆ ಯಾರಾದರೂ ತನ್ನನ್ನು ಕರೆದುಕೊಂಡು ಹೋಗಬೇಕು. ಎಲ್ಲಿಗೆ, ಏನು ಎಂದು ಬೇರೆಯವರು ತಲೆ ಕೆಡಿಸಿಕೊಳ್ಳಬೇಕು, ತಾನು ಒಳಗಿನ ಜಾಗದಲ್ಲಿ, ಮುಖ್ಯ ಅತಿಥಿಯ ದಿಂಬಿನ ಮೇಲೆ, ಸುಮ್ಮನೆ ಕೂತು ಉಣ್ಣಬೇಕು.

ಸೋಮವಾರ ಆಕೆದೊ ಎಲ್ಲರ ಮುಂದೆಯೇ ಹೇಳಿದ: "ಶಿಮಾಮೊರಿ ಸಾನ್, ಶುಕ್ರವಾರ ಕೆಲಸ ಮುಗಿದ್ಮೇಲೆ ನಿಮ್ಮ ಬೀಳ್ಕೊಡುಗೆ ಊಟ. ಈ ಸಲ ನೀವು ಕಡ್ಡಿ ಎತ್ತಿ ಆಚೆ ಇಡಕೂಡದು. ಎಲ್ಲಾ ನುಕಾಜುಕಾ ನೋಡ್ಕೋತಾನೆ."

ಮುತ್ಸುಕೊ ತಲೆ ಬಗ್ಗಿಸಿ ವಂದಿಸಿದಳು. ಸಂತೋಷದಿಂದ ಕಿವಿ ಬಿಸಿಯಾಯಿತು.

ನುಕಾಜುಕಾ ಸಾಗಣೆ ವಿಭಾಗದವನು. ನಲವತ್ತರ ಹತ್ತಿರ, ಒಳ್ಳೆಯ ಮನುಷ್ಯ, ಎಮ್ಮೆಯಷ್ಟು ನಿಧಾನ. ಬುಧವಾರದವರೆಗೆ ಅವನಿಂದ ಸುದ್ದಿಯೇ ಇಲ್ಲ. ಅಂದು ಸಂಜೆ ಅವಳ ಮೇಜಿನ ಪಕ್ಕ ಬಂದು ನಿಂತ.

"ಶಿಮಾಮೊರಿ ಸಾನ್, ಒಂದು ಮಾತು. ಬೈಬಾರ್ದು."

"ಹೇಳಿ."

"ಶುಕ್ರವಾರದ್ದು... ರಾತ್ರಿ ಹತ್ತಾದ್ಮೇಲೆ ಎಂಟು ಜನಕ್ಕೆ ಮೀನೂಟ ಎಲ್ಲಿ ಸಿಗತ್ತೆ? ನಾನು ಮೂರು ಕಡೆ ಕೇಳ್ದೆ. ಒಬ್ಬ ಫೋನೇ ಇಟ್ಬಿಟ್ಟ."

"ಕಾಮೊಮೆಯಾದಲ್ಲಿ ಕೇಳಿದ್ರಾ?"

"ಅದೆಲ್ಲಿದೆ?"

"ಮೀನುಗಾರರ ಓಣಿಲಿ, ಒಳಗಡೆ. ಚಾಪೆ ಹಾಸಿರೋ ಕೋಣೆ ಇದೆ. ಮೆಟ್ಟಿಲಿಲ್ಲ."

"ಅವ್ರು ನನ್ನ ಮಾತು ಕೇಳ್ತಾರಾ? ನನ್ನ ದನಿ ಕೇಳಿದ್ರೇ ಸಾಲ ವಸೂಲಿಯವ್ನು ಅಂದ್ಕೋತಾರೆ ಜನ." ತಲೆ ಕೆರೆದುಕೊಂಡ. "ನೀವೇ ಒಂದ್ಸಲ ಫೋನ್ ಮಾಡಿದ್ರೆ... ಆಕೆದೊ ಸಾನ್‌ಗೆ ಹೇಳ್ಬೇಡಿ, ಆಯ್ತಾ? ನನ್ನ ಚರ್ಮ ಸುಲೀತಾರೆ."

ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಮುತ್ಸುಕೊ ನಕ್ಕು ಫೋನು ಎತ್ತಿಕೊಂಡಳು. ತನ್ನ ಶ್ರಾದ್ಧಕ್ಕೆ ತಾನೇ ಅಡುಗೆ ಮಾಡಿದ ಹಾಗಾಯಿತಲ್ಲ ಎಂದುಕೊಂಡಳು.

ಕಾಮೊಮೆಯಾದ ಯಜಮಾನ ತೋಮೆಜೊಗೆ ಅವಳ ದನಿ ಪರಿಚಿತ. "ಓಹೋ, ಶಿಮಾಮೊರಿ ಅಕ್ಕ! ಶುಕ್ರವಾರಾನಾ? ನಿಮಗಾದ್ರೆ ಒಲೆ ಉರಿಸಿಟ್ಟಿರ್ತೀನಿ. ಏನ್ ವಿಶೇಷ?"

"ಬೀಳ್ಕೊಡುಗೆ."

"ಹಾಗಾದ್ರೆ ಮುಖ್ಯ ಅತಿಥಿಗೆ ಅಂತ ನನ್ನ ಕಡೆಯಿಂದ ಒಂದು ತಟ್ಟೆ ಇರ್ಲಿ. ಅವ್ರಿಗೆ ಏನಿಷ್ಟ?"

ಎಂಟರಲ್ಲಿ ಏಳು ಜನರ ನಾಲಿಗೆ ಮುತ್ಸುಕೊಗೆ ಬಾಯಿಪಾಠ. ಎಂಟನೆಯವಳದನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ.

"ಅಕ್ಕಾ? ಇದೀರಾ?"

ಆಗ ಅಮ್ಮನ ನೆನಪಾಯಿತು. ಶಿರೊಗಾನೆ ಕೇರಿಯ ಮನೆಯ ಅಂಗಳ, ಇದ್ದಲೊಲೆ, ಇಡೀ ಬೊಂಡಾಸನ್ನು ಹೊಟ್ಟೆಯೊಳಗಿನ ಲಿವರಿನ ಸಮೇತ ಹುಳಿಸಿದ ಸೋಯಾದ ಮಿಸೋ ಸವರಿ ಸುಡುತ್ತಿದ್ದ ಅಮ್ಮ, ಆ ಕಹಿ, ಆ ಘಮ. ಅದು ಒಬ್ಬರೇ ಕೂತು ತಿನ್ನುವ ತಿನಿಸಲ್ಲ. ಮನೆಯಲ್ಲಿ ಒಬ್ಬಳಿಗಾಗಿ ಸುಟ್ಟರೆ ಪರದೆಗೆಲ್ಲ ವಾಸನೆ ಹಿಡಿಯುತ್ತದೆ, ಅರ್ಧ ಮಿಗುತ್ತದೆ. ಕಚೇರಿಯ ಊಟದಲ್ಲಂತೂ ಆಕೆದೊನ ಮುಖ ನೋಡಿ ಅವಳು ಅದನ್ನು ಎಂದೂ ತರಿಸಿರಲಿಲ್ಲ.

"ಬೊಂಡಾಸು. ಲಿವರ್ ಸಮೇತ ಸುಟ್ಟಿದ್ದು. ಅವ್ರಿಗೆ ಅದು ಇಷ್ಟ... ಇಷ್ಟವಂತೆ."

"ಭಲೇ! ತಿನ್ನೋದು ಗೊತ್ತಿರೋರು. ಈ ವರ್ಷ ಬೊಂಡಾಸು ಚಿನ್ನ ಆಗ್ಬಿಟ್ಟಿದೆ, ಆದ್ರೂ ಒಂದು ದಪ್ಪನೇದು ತೆಗೆದಿಡ್ತೀನಿ. ಒಳಗಿನ ಜಾಗದಲ್ಲಿ ಕೂತೋರ ಮುಂದೇನೇ ಇಡ್ತೀನಿ, ಸರೀನಾ?"

"ಸರಿ," ಎಂದಳು. ಅತಿಥಿ ನಾನೇ ಎಂದು ಹೇಳುವುದು ಹೇಗೆ? ತನಗೆ ತಾನೇ ಊಟ ಗೊತ್ತುಮಾಡಿಕೊಂಡು, ತನಗೆ ತಾನೇ ತಟ್ಟೆ ಹೇಳಿಕೊಳ್ಳುವ ಹೆಂಗಸನ್ನು ಆ ಊರು ಕಂಡಿಲ್ಲ.

ಶುಕ್ರವಾರ ರಾತ್ರಿ ಎಂಟೂ ಜನ ಓಣಿಯೊಳಗೆ ನುಗ್ಗಿದಾಗ ಎಲ್ಲರ ಹೊಟ್ಟೆಯಲ್ಲೂ ಇಲಿ ಓಡುತ್ತಿತ್ತು. ಕೋಣೆ ಸಣ್ಣದು, ಚೊಕ್ಕಟವಾಗಿತ್ತು. ಒಳಗೋಡೆಯ ಕಡೆ ಮಧ್ಯದಲ್ಲಿ ತೋಮೆಜೊ ಬೇರೆಯದೇ ಒಂದು ದಪ್ಪ ದಿಂಬು ಹಾಕಿದ್ದ. ಮುತ್ಸುಕೊ ಅದನ್ನು ನೋಡಿ, ನೋಡದವಳ ಹಾಗೆ ಬಾಗಿಲ ಬಳಿ ನಿಂತಳು.

"ಶಿಮಾಮೊರಿ ಸಾನ್, ಬನ್ನಿ ಬನ್ನಿ, ಇವತ್ತು ನೀವು ಒಳಗೆ," ಎಂದ ಆಕೆದೊ.

"ಅಯ್ಯೋ, ನಾನೆಲ್ಲಿ, ನೀವೆಲ್ಲಿ. ನನಗೆ ಇಲ್ಲೇ ಸರಿ."

"ಹಾಗಂದ್ರೆ ಹೇಗೆ? ಇವತ್ತು ನಿಮ್ಮ ದಿನ, ಬನ್ರೀ."

"ಬೇಡ ಬೇಡ, ದಯವಿಟ್ಟು. ಇಲ್ಲಾದ್ರೆ ಬೇಕಾದ್ದು ಹೇಳೋಕೂ ಸುಲಭ."

ಇಂಥಲ್ಲಿ ಎರಡು ಸಲ ಬೇಡ ಎನ್ನುವುದು ಮರ್ಯಾದೆ, ಮೂರನೆಯ ಸಲಕ್ಕೆ ಒಪ್ಪಿಕೊಳ್ಳುವುದೂ ಮರ್ಯಾದೆ. ಹುಟ್ಟಿದ ಮಗುವಿಗೂ ಇದು ಗೊತ್ತು. ಮುತ್ಸುಕೊ ಆಗಲೇ ಕೈಚೀಲವನ್ನು ಎಡಗೈಗೆ ದಾಟಿಸಿಕೊಂಡಿದ್ದಳು, ಬಲಗಾಲನ್ನು ಅರ್ಧ ಎತ್ತಿದ್ದಳು, ಮುಖದ ಮೇಲೆ 'ಅಷ್ಟು ಹೇಳ್ತೀರಾ ಅಂದ್ರೆ' ಎನ್ನುವ ನಗು ಸಿದ್ಧವಾಗಿತ್ತು. ಆಕೆದೊನಿಗೆ ಹಸಿವು. ಹಿಂದಿನವರು ಮುಂದಿನವರನ್ನು ತಳ್ಳುತ್ತಿದ್ದರು. "ಸರಿ ಹಾಗಾದ್ರೆ, ನಿಮ್ಮಿಷ್ಟ," ಎಂದು ಅವನು ದಪ್ಪ ದಿಂಬಿನ ಮೇಲೆ ಧೊಪ್ಪನೆ ಕೂತ. "ಬಿಯರ್ ಎಲ್ರಿಗೂ ಅಲ್ವಾ? ಶಿಮಾಮೊರಿ ಸಾನ್, ಹೇಳ್ಬಿಡಿ!"

ಮೂರನೆಯ ಉಪಚಾರ ಬರಲೇ ಇಲ್ಲ. ಮುತ್ಸುಕೊ ಎತ್ತಿದ ಕಾಲನ್ನು ಇಳಿಸಿ, ಬಾಗಿಲ ಪಕ್ಕ ಮಂಡಿಯೂರಿ, ಬಿಯರ್ ಹೇಳಿದಳು.

ಊಟ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನುವ ಹಾಗಿಲ್ಲ. ವಿನಿಗರಿನಲ್ಲಿ ನೆನೆದ ಬಂಗುಡೆ ಬಾಯಲ್ಲಿಟ್ಟರೆ ಕರಗುತ್ತಿತ್ತು. ಬಿಸಿ ಸಾರಿನಲ್ಲಿ ಸೆಂಬೆ ರೊಟ್ಟಿ ಮೆತ್ತಗಾಗಿ ತೇಲುತ್ತಿತ್ತು. ಅವಳು ಖಾಲಿ ತಟ್ಟೆ ಈಸಿಕೊಂಡಳು, ಓದಾತೆಯವರ ಬಟ್ಟಲಲ್ಲಿ ಏಡಿಯ ಚೂರು ಬಿದ್ದಿಲ್ಲವೆಂದು ನೋಡಿಕೊಂಡಳು, ಮುದುಕರ ಮಂಡಿಗೆ ಇನ್ನೊಂದು ದಿಂಬು ಕೊಡಿಸಿದಳು.

ಆಗ ತೋಮೆಜೊ ಎರಡೂ ಕೈಯಲ್ಲಿ ಉದ್ದದ ತಟ್ಟೆ ಹಿಡಿದು ಬಂದ. ಮಿಸೋ ಸುಟ್ಟ ಘಮ ಕೋಣೆಯೆಲ್ಲ ತುಂಬಿತು. ಅಮ್ಮನ ಅಂಗಳದ ಘಮವೇ ಅದು. ಮುತ್ಸುಕೊಗೆ ಬಾಯಲ್ಲಿ ನೀರೂ ಕಣ್ಣಲ್ಲಿ ನೀರೂ ಒಟ್ಟಿಗೇ ಬಂದವು. ತೋಮೆಜೊ ಅವಳನ್ನು ದಾಟಿ, ಎಲ್ಲರ ಬೆನ್ನ ಹಿಂದೆ ಸುತ್ತಿ ಹೋಗಿ, ಒಳಗಿನ ಜಾಗದಲ್ಲಿ ಕೂತವನ ಮುಂದೆ ತಟ್ಟೆ ಇಟ್ಟು ಬಾಗಿದ.

"ಇದು ನಮ್ಮ ಕಡೆಯಿಂದ. ಅತಿಥಿಗಳಿಗೆ ತುಂಬಾ ಇಷ್ಟ ಅಂತ ಕೇಳ್ಪಟ್ಟೆ."

ಆಕೆದೊ ತಟ್ಟೆ ನೋಡಿದ, ಮೂಗು ಹಿಂದಕ್ಕೆಳೆದುಕೊಂಡ. "ಥೂ, ಲಿವರ್! ಶಿಮಾಮೊರಿ ಸಾನ್, ಇದೇನ್ರೀ? ಇಷ್ಟ್ ವರ್ಷದಲ್ಲಿ ಒಂದ್ಸಲಾನೂ ತಪ್ಪಿರ್ಲಿಲ್ಲ. ಕೊನೇ ದಿನ ನುಕಾಜುಕಾಗೆ ಹೇಳೋದು ಮರೆತ್ಬಿಟ್ರಾ?"

"ಆಗ್ಲೇ ರಿಟೈರ್ ಆಗ್ಬಿಟ್ಟಿದಾರೆ, ಸಾರ್!" ಎಂದು ಯಾರೋ ಕೂಗಿದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅದರಲ್ಲಿ ಕೆಡುಕು ಇರಲಿಲ್ಲ. ಅದೇ ಕಷ್ಟ, ಕೆಡುಕಿದ್ದರೆ ಸಿಟ್ಟಾದರೂ ಮಾಡಬಹುದಿತ್ತು.

ಮುತ್ಸುಕೊ ಚಾಪೆಗೆ ಹಣೆ ತಾಗುವಷ್ಟು ಬಾಗಿದಳು. "ತಪ್ಪಾಯ್ತು. ದಯವಿಟ್ಟು ಕ್ಷಮಿಸಿ. ನನ್ನ ಗಮನ ತಪ್ಪಿಹೋಯ್ತು."

"ನನಗೆ ಕೊಡಿ, ನಾನು ಬಿಡ್ತೀನಾ?" ಎಂದು ನುಕಾಜುಕಾ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. ಬಾಗಿಲ ಕಡೆಗೆ ಅದು ಬರಲಿಲ್ಲ. ಕೇಳಿದ್ದರೆ ಕೊಡುತ್ತಿದ್ದರು. ಅವಳು ಕೇಳಲಿಲ್ಲ.

ಕೊನೆಗೆ ಆಕೆದೊ ಎದ್ದು ನಿಂತು ಭಾಷಣ ಮಾಡಿದ. ಶಿಮಾಮೊರಿ ಸಾನ್ ಇಲ್ಲದಿದ್ದರೆ ನಾವೆಲ್ಲ ಉಪವಾಸ ಸಾಯುತ್ತಿದ್ದೆವು ಎಂದ, ಕಣ್ಣು ಒದ್ದೆಮಾಡಿಕೊಂಡ. ಅಲ್ಲಿಯ ಪದ್ಧತಿಯಂತೆ ಎಲ್ಲರೂ ಒಟ್ಟಿಗೆ ಒಂದೇ ಒಂದು ಚಪ್ಪಾಳೆ ತಟ್ಟಿದರು, ಊಟ ಮುಗಿಯಿತು. ಖಾಲಿ ಬಾಟಲಿ ಎತ್ತಲು ಬಂದಿದ್ದ ತೋಮೆಜೊ ಬಾಗಿಲಲ್ಲೇ ನಿಂತುಬಿಟ್ಟಿದ್ದ. ಅವನ ಮುಖದ ಬಣ್ಣ ಹೋಗಿತ್ತು.

ಎಲ್ಲರೂ ಗದ್ದಲ ಮಾಡುತ್ತ ಹೊರಗೆ ಹೋದರು. ಉಸ್ತುವಾರಿಯವರು ಕೊನೆಗೆ ಹೊರಡಬೇಕು, ಮರೆತ ಸಾಮಾನು ನೋಡಬೇಕು. ಮುತ್ಸುಕೊ ದಿಂಬುಗಳನ್ನೆತ್ತಿ ನೋಡಿದಳು, ಮೂಲೆಗೆ ಕೈಹಾಕಿದಳು. ಯಾರೂ ಏನೂ ಮರೆತಿರಲಿಲ್ಲ.

"ಅಕ್ಕಾ," ಎಂದ ತೋಮೆಜೊ, "ಅತಿಥಿ ನೀವೇನಾ? ಒಂದು ಮಾತು ಹೇಳಬಾರ್ದಾಗಿತ್ತಾ?"

"ನನ್ನ ಬಾಯಲ್ಲೇ ಹೇಗೆ ಹೇಳ್ಕೊಳ್ಳಲಿ, ಯಜಮಾನ್ರೇ?"

"ಇದ್ದಿದ್ದೇ ಒಂದು. ಇನ್ನೊಂದು ಇದ್ದಿದ್ರೆ ಈಗ್ಲೇ ಒಲೆ ಮೇಲಿಡ್ತಿದ್ದೆ."

"ಹೊಟ್ಟೆ ತುಂಬಿದೆ. ಊಟ ಚೆನ್ನಾಗಿತ್ತು," ಎಂದು ಬಾಗಿ ವಂದಿಸಿ ಅವಳು ಹೊರಗೆ ಬಂದಳು.

ಓಣಿ ಖಾಲಿಯಾಗಿತ್ತು. ಅವರು ಎರಡನೆಯ ಅಂಗಡಿಗೆ, ಹಾಡು ಹಾಡುವಲ್ಲಿಗೆ, ಹೋಗಿರಬೇಕು. ಎಲ್ಲಿಗೆಂದು ಯಾರೂ ಹೇಳಿರಲಿಲ್ಲ. ಮುದುಕಿ ದಣಿದಿರುತ್ತಾಳೆಂದು ಬಿಟ್ಟಿರಬಹುದು, ಹಿಂದೆ ಬರುತ್ತಿದ್ದಾಳೆಂದುಕೊಂಡಿರಬಹುದು. ಸಮುದ್ರದ ಗಾಳಿ ಕಾಲರಿನೊಳಗೆ ಇಳಿಯಿತು. ಅಳು ಬಂತು, ಆದರೆ ಅಳುವುದಕ್ಕೂ ಒಂದು ಜಾಗ ಬೇಕಲ್ಲ.

ಆಗ ಹಿಂದಿನಿಂದ ಓಡುವ ಹೆಜ್ಜೆಯ ಸದ್ದು. "ಶಿಮಾಮೊರಿ ಸಾನ್! ನಿಲ್ರೀ, ನಿಲ್ರೀ!" ನುಕಾಜುಕಾ ಏದುಸಿರು ಬಿಡುತ್ತ ಬರುತ್ತಿದ್ದ. ಅವಳು ತಟ್ಟನೆ ತಿರುಗಿ ನಿಂತಳು. ಕರೆಯಲು ಬಂದಿದ್ದಾನೆ. ಈ ಸಲ ಬೇಡ ಎನ್ನುವುದೇ ಇಲ್ಲ, ಒಂದು ಸಲವೂ ಇಲ್ಲ, ಕೇಳಿದ ಕೂಡಲೇ ಹೂಂ ಎನ್ನುವುದು ಎಂದು ಆ ನಾಲ್ಕು ಹೆಜ್ಜೆಯಲ್ಲಿ ನಿಶ್ಚಯಿಸಿಬಿಟ್ಟಳು.

"ಅಬ್ಬಾ, ಸಿಕ್ಕಿದ್ರಲ್ಲ," ಎಂದ ಅವನು. "ಇನ್ಮೇಲೆ ಊಟದ ಕೆಲಸ ಎಲ್ಲಾ ನಂದೇ ಅಂತೆ, ಈಗ ತಾನೇ ಆಕೆದೊ ಸಾನ್ ತಲೆಗೆ ಕಟ್ಟಿದ್ರು. ಡಿಸೆಂಬರ್‌ ಊಟಕ್ಕೆ ಕಾಮೊಮೆಯಾದಲ್ಲೇ ಹೇಳಿಬಿಡ್ಲಾ ಅಂತ. ಯಾರಿಗೆ ಏನು ಆಗಲ್ಲ, ಒಂಚೂರು ಹೇಳಿಕೊಟ್ಬಿಡಿ."

ಮುತ್ಸುಕೊ ಹೇಳಿಕೊಟ್ಟಳು. ಏಡಿ ಯಾರಿಗೆ, ಮೆಟ್ಟಿಲು ಯಾರಿಗೆ, ಲಿವರ್ ಯಾರಿಗೆ, ಕುಡಿದ ಮೇಲೆ ಯಾರ ಪಕ್ಕ ಯಾರನ್ನು ಕೂರಿಸಬಾರದು. ನುಕಾಜುಕಾ ತಲೆಯಾಡಿಸುತ್ತ ಒಬ್ಬೊಬ್ಬರಿಗೂ ಒಂದೊಂದು ಬೆರಳು ಮಡಿಸಿದ.

"ಹಾಗಾದ್ರೆ ಎಂಟು ಜನಕ್ಕೆ ಹೇಳ್ತೀನಿ."

"ಏಳು," ಎಂದಳು ಮುತ್ಸುಕೊ.

ಅವನು ಮತ್ತೆ ಎಣಿಸಿದ. "ಎಂಟಲ್ವಾ? ಈಗ ತಾನೇ ಎಂಟು ಜನ ಕೂತಿದ್ವಲ್ಲ."

"ನಾನಿರಲ್ವಲ್ಲ, ನುಕಾಜುಕಾ ಸಾನ್."

"ಓ, ಹೌದಲ್ಲ!" ಎಂದು ಅವನು ಮಡಿಸಿದ್ದ ಒಂದು ಬೆರಳನ್ನು ಬಿಚ್ಚಿದ. "ಏಳೇ. ಥ್ಯಾಂಕ್ಸ್, ಶಿಮಾಮೊರಿ ಸಾನ್, ನೀವಿಲ್ಲದಿದ್ರೆ ಒಂದು ಊಟ ಹೆಚ್ಚಾಗಿ ಹೇಳ್ಬಿಡ್ತಿದ್ದೆ." ಬಾಗಿ ವಂದಿಸಿ, ಬಂದ ದಾರಿಯಲ್ಲೇ ಓಡಿಹೋದ.