ಕಾಲು ಲೋಟ ನೀರು

ಆಪರೇಷನ್ನಿಗೆ ಮೊದಲೇ ಡಾಕ್ಟರು ಹೇಳಿದ್ದರು: "ನಿಮ್ಮ ಮೇದೋಜೀರಕ ಗ್ರಂಥಿ ಬೆಣ್ಣೆ ಥರ ಮೆತ್ತಗಿದೆ. ಹೊಲಿಗೆ ನಿಲ್ಲೋದು ಕಷ್ಟ. ಅದರ ಜೀರ್ಣರಸ ಸೋರಿದ್ರೆ ಹೊಟ್ಟೆ ಒಳಗೇ ಸುಡುತ್ತೆ." ನಲವತ್ತು ವರ್ಷ ಬಟ್ಟೆ ಹೊಲಿದ ನನಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ತೆಳು ರೇಷ್ಮೆಗೆ ದಾರ ಬಿಗಿದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಬಿಚ್ಚಿಕೊಳ್ಳುತ್ತದೆ.

ಆಪರೇಷನ್ ಆಯಿತು. ಸೋರಿಕೆ ತಿಳಿಯಲೆಂದು ಪಕ್ಕೆಯಿಂದ ಒಂದು ನಳಿಕೆ ಹೊರಗೆ ಬಿಟ್ಟು, ತುದಿಗೆ ರಬ್ಬರ್ ಬುಡ್ಡೆ ಸಿಕ್ಕಿಸಿದ್ದರು. ದಿನಾ ಬೆಳಿಗ್ಗೆ ನರ್ಸಮ್ಮ ನನ್ನ ಏಳನೇ ಬೆಡ್ಡಿಗೆ ಬಂದು, ಬಗ್ಗಿ, ಬುಡ್ಡೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, "ಎಷ್ಟು ಬಂತು ನೋಡೋಣ ತಾತ" ಎನ್ನುತ್ತಿದ್ದಳು. ಹೆಂಡತಿ ಹೋದ ಮೇಲೆ ನನ್ನನ್ನು ಯಾರೂ ಅಷ್ಟು ಹತ್ತಿರದಿಂದ ವಿಚಾರಿಸಿರಲಿಲ್ಲ. ಹೇಳಲು ನಾಚಿಕೆಯೇನು, ಎಚ್ಚರವಾದಾಗಿನಿಂದ ಆ ಪ್ರಶ್ನೆಗೇ ಕಾಯುತ್ತಿದ್ದೆ.

ನೂರು ಎಂ.ಎಲ್. ಇದ್ದದ್ದು ನಾಲ್ಕನೆಯ ದಿನಕ್ಕೆ ಹತ್ತಕ್ಕಿಳಿಯಿತು. ಅವಳ ಮುಖ ಅರಳಿತು. "ನಾಳೆ ನಳಿಕೆ ತೆಗೀತಾರೆ. ಆಮೇಲೆ ಮನೆಗೆ!" ಮನೆಯಲ್ಲಿ ಇರುವುದು ಹೊಲಿಗೆ ಮಿಷನ್ನು, ಒಂದು ಕುರ್ಚಿ, ಬಾಗಿಲಿಗೆ ಚಿಲಕ. ಅಷ್ಟೇ.

ಮರುದಿನ ಅವಳು ಬರುವ ಮೊದಲೇ ಬುಡ್ಡೆಯ ಮುಚ್ಚಳ ತೆಗೆದು ಕಾಲು ಲೋಟ ಕುಡಿಯುವ ನೀರು ಸುರಿದೆ.

ಅರವತ್ತು! ವಾರ್ಡಿಗೆ ವಾರ್ಡೇ ಓಡಿ ಬಂತು. ಊಟ ನಿಲ್ಲಿಸಿದರು, ರಕ್ತ ತೆಗೆದರು, ಬುಡ್ಡೆಯಲ್ಲಿದ್ದದ್ದನ್ನು ಲ್ಯಾಬಿಗೆ ಕಳಿಸಿದರು. ಮಂಚದ ಸುತ್ತ ಐದು ಜನ. ಹೊಟ್ಟೆ ಚುರುಗುಟ್ಟುತ್ತಿದ್ದರೂ ನಾನು ಮದುಮಗನ ಹಾಗೆ ಒರಗಿಕೊಂಡಿದ್ದೆ.

ಸಂಜೆ ನರ್ಸಮ್ಮ ಒಬ್ಬಳೇ ಬಂದು ಪರದೆ ಎಳೆದಳು.

"ಇದ್ರಲ್ಲಿ ರಸ ಹೆಸರಿಗೂ ಇಲ್ವಂತೆ. ನೀರು ಹಾಕಿದ್ರಾ?"

ನಾನು ಗೋಡೆ ನೋಡಿದೆ.

"ಹೊರಗೆ ಬರೋ ದಾರೀಲೇ ಒಳಗೂ ಹೋಗುತ್ತೆ ತಾತ. ಕೀಟಾಣು ಹೊಕ್ಕಿದ್ರೆ ಏನ್ ಗತಿ? ನಾವೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದು ಇದಕ್ಕಾ?"

"ಮನೇಲಿ ಎಷ್ಟು ಬಂತು ಅಂತ ಕೇಳೋರು ಯಾರೂ ಇಲ್ಲಮ್ಮ" ಎಂದೆ.

ಆವತ್ತೇ ನಳಿಕೆ ತೆಗೆದರು. ಎರಡು ದಿನ ಕಾದು ನೋಡಿ ಮನೆಗೆ ಕಳಿಸುವಾಗ ಅವಳು ನನ್ನ ಕೈಗೆ ಥರ್ಮಾಮೀಟರ್ ಕೊಟ್ಟಳು. "ಒಂದು ವಾರ ದಿನಾ ಹತ್ತು ಗಂಟೆಗೆ ವಾರ್ಡಿಗೆ ಫೋನ್ ಮಾಡಿ. ಜ್ವರ ಬಂದ್ರೆ ತಕ್ಷಣ ವಾಪಸ್ ಬರ್ಬೇಕು. ಸುಳ್ಳು ಹೇಳಿದ್ರೆ ನೋಡಿ ಮತ್ತೆ!"

ಆರು ದಿನ ಫೋನ್ ಮಾಡಿದೆ. ಆರು ದಿನವೂ ಅವಳೇ "ಎಷ್ಟಿದೆ ತಾತ?" ಎಂದು ಕೇಳಿದಳು. ಜ್ವರ ಬರಲಿಲ್ಲ.

ವಾರದ ಕೊನೆಯ ದಿನ. ತೊಂಬತ್ತೆಂಟು ಪಾಯಿಂಟ್ ನಾಲ್ಕು. ಮುಂದೆ ಲೋಟದಲ್ಲಿ ಚಹಾ ಹಬೆಯಾಡುತ್ತಿತ್ತು. ಥರ್ಮಾಮೀಟರಿನ ತುದಿಯನ್ನು ಒಂದು ಗಳಿಗೆ ಅದ್ದಿದರೆ ಸಾಕು, ಏಳನೇ ಬೆಡ್ಡು ಮತ್ತೆ ನನ್ನದು. ಚಹಾ ಪೂರ್ತಿ ಆರುವವರೆಗೂ ಅದನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ಆಮೇಲೆ ಫೋನ್ ಮಾಡಿದೆ.

"ಜ್ವರ ಇಲ್ಲಮ್ಮ."

"ಸದ್ಯ, ಗೆದ್ರಿ ತಾತ! ಇನ್ನು ಫೋನ್ ಮಾಡೋದು ಬೇಡ."

"ಸರಿಯಮ್ಮ" ಎಂದೆ. ಅವಳು ಫೋನ್ ಇಟ್ಟ ಮೇಲೆ ಇನ್ನೊಂದು ಸಲ ಹಾಗೇ ಎಂದೆ.