ಹಣಮಂತರಾಯ ಉಣ್ಣದ ರೊಟ್ಟಿ

ಸಂಶಯ ನನಗೆ ಅಪ್ಪನ ಕಡೆಯಿಂದ ಬಂದ ಆಸ್ತಿ. ಅಪ್ಪ ಆಳಂದದ ಸಂತೆಯಲ್ಲಿ ಕುರಿ ವ್ಯಾಪಾರ ಮಾಡುತ್ತಿದ್ದ. ಮಾರುವವನು ಎಷ್ಟೇ ಆಣೆ ಹಾಕಲಿ, ಕುರಿಯ ಬಾಯಿ ಬಿಡಿಸಿ ಹಲ್ಲು ನೋಡದೆ, ಬೆನ್ನೆಲುಬಿನ ಮೇಲೆ ಕೈಯಾಡಿಸದೆ ಹೂಂ ಅನ್ನುತ್ತಿರಲಿಲ್ಲ. ಮಾರುವವನ ಮುಖದಲ್ಲಿ ನಗು ಹೆಚ್ಚಾದಷ್ಟೂ ಅಪ್ಪನ ಕೈ ಕುರಿಯ ಹೊಟ್ಟೆಯ ಕೆಳಗೆ ಹೆಚ್ಚು ಹೊತ್ತು ಇರುತ್ತಿತ್ತು. ಇಂಥವನ ಮಗನ ತಾಟಿಗೆ ಒಬ್ಬ ಮನುಷ್ಯ ದಿನಾ ತನ್ನ ಪಾಲಿನ ರೊಟ್ಟಿ ಹಾಕಿ ಸುಮ್ಮನೆ ಕೂತರೆ ಅವನು ಅದನ್ನು ಉಣ್ಣುತ್ತಾನೆಯೇ? ನಾನಂತೂ ಉಣ್ಣಲಿಲ್ಲ.

ಅದು ಎಪ್ಪತ್ತೊಂದರ ಚಳಿಗಾಲ. ಯುದ್ಧ ಶುರುವಾಗಿತ್ತು. ಎರಡು ಕಡೆ ರೈಲು ಬದಲಿಸಿ ಹೋಗುವಷ್ಟು ದೂರದ ಆ ಟ್ರೇನಿಂಗ್ ಕ್ಯಾಂಪಿನಲ್ಲಿ ನಮ್ಮನ್ನು ಅವಸರದಿಂದ ಸಿಪಾಯಿಗಳನ್ನಾಗಿ ಮಾಡುತ್ತಿದ್ದರು. ದೀಪಗಳಿಗೆ ಕರಿ ಕಾಗದ, ಕಿಟಕಿಗಳಿಗೆ ಕಂಬಳಿ. ಅಪರಿಚಿತರ ಮುಂದೆ ಬಾಯಿ ಬಿಡಬೇಡಿ ಎಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೇಳುತ್ತಿದ್ದರು. ಅಪರಿಚಿತರು ಎಂದಾಗ ಬ್ಯಾರಕ್ಕಿನ ನಾಲ್ಕಾರು ತಲೆ ನನ್ನ ಕಡೆ ತಿರುಗುತ್ತಿದ್ದವು. ಶರಫುದ್ದೀನ ಎಂಬ ಹೆಸರಿಟ್ಟುಕೊಂಡು ಆ ಕಾಲದಲ್ಲಿ ಆ ಜಾಗದಲ್ಲಿ ಇದ್ದವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಹವಾಲ್ದಾರ ತೋಮರ ಕೆಟ್ಟವನಲ್ಲ, ಆದರೆ ಹಾಜರಿ ಕೂಗುವಾಗ ನನ್ನ ಹೆಸರಿನ ಹತ್ತಿರ ಬಂದು ಒಂದು ಉಸಿರು ನಿಲ್ಲುತ್ತಿದ್ದ. ನನಗೆ ಬೇಕಾದದ್ದು ಒಂದೇ. ಕಸಂ ಪರೇಡಿನ ದಿನ ಬಾವುಟದ ಮುಂದೆ ಪ್ರಮಾಣ ಮಾಡಿ ಪೂರ್ತಿ ಸಿಪಾಯಿಯಾಗಬೇಕು. ಅಮ್ಮ ಖಾಸೀಂಬಿ ಆಗಲೇ ನಮ್ಮ ಓಣಿಗೆಲ್ಲ ಮಗ ಫೌಜಿನಲ್ಲಿದ್ದಾನೆ ಎಂದು ಹೇಳಿಕೊಂಡಾಗಿತ್ತು. ಅರ್ಧಕ್ಕೆ ಓಡಿಸಲ್ಪಟ್ಟು ಅದೇ ಓಣಿಗೆ ನಾನು ಹೇಗೆ ಕಾಲಿಡಲಿ?

ಹಣಮಂತರಾಯ ಜೇವರ್ಗಿ ಕಡೆಯ ಕೊಳಕೂರಿನವನು. ಇಡೀ ಕ್ಯಾಂಪಿನಲ್ಲಿ ನಮ್ಮ ಸೀಮೆಯ ಮಾತು ಆಡುವವರು ನಾವಿಬ್ಬರೇ, ಹಾಗಾಗಿ ನಮ್ಮನ್ನು ಜೋಡಿ ಮಾಡಿದ್ದರು. ಮಂಚ ಪಕ್ಕಪಕ್ಕ, ಇಬ್ಬರಿಗೂ ಸೇರಿ ಮಳೆಗೆ ಹೊದೆಯಲು, ನೆಲಕ್ಕೆ ಹಾಸಲು ಒಂದೇ ಬರಸಾತಿ. ಶರಣರ ಮನೆತನದವನು, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಬೆಳಿಗ್ಗೆ ಸ್ನಾನವಾದ ಮೇಲೆ ಗೋಡೆಯ ಕಡೆ ಮುಖ ಮಾಡಿ, ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದ. ಮೊದಲ ವಾರದಲ್ಲೇ ನಾನು ಅವನನ್ನು ಕೆಣಕಿದ್ದೆ.

"ಕರಡಗಿ ಭಾರಿ ಅದ ಅಲ್ಲಪಾ. ಖರೇ ಬೆಳ್ಳೀದೇನು, ಮ್ಯಾಲ ಬೆಳ್ಳಿ ನೀರು ಬಿಟ್ಟಿದ್ದೇನು?"

"ನಮ್ಮಜ್ಜಂದು. ನಿನಗ್ಯಾಕ ಅದರ ಉಸಾಬರಿ?" ಎಂದು ಅಂಗಿಯ ಗುಂಡಿ ಹಾಕಿಕೊಂಡಿದ್ದ. ಆಮೇಲೆ ನಾನೂ ಆ ಮಾತು ಬಿಟ್ಟೆ.

ರೊಟ್ಟಿಯ ಪ್ರಕರಣ ಶುರುವಾದದ್ದು ಕೆರೆ ದಾಟಿದ ಮರುದಿನದಿಂದ. ಬೇಲಿಯ ಪಕ್ಕ ಒಂದು ಸಣ್ಣ ಕೆರೆ ಇತ್ತು. ಹಗ್ಗ ಹಿಡಿದು ಎದೆಮಟ್ಟದ ನೀರಿನಲ್ಲಿ ಅದನ್ನು ದಾಟಬೇಕು. ಹಲ್ಲು ಕಟಕಟ ಎನ್ನುತ್ತ ಆಚೆ ದಡ ಸೇರಿ, ಬರಸಾತಿಯ ಮೇಲೆ ನಿಂತು ಇಬ್ಬರೂ ಒದ್ದೆ ಬಟ್ಟೆ ಕಿತ್ತೆಸೆದು ಒಣ ಬಟ್ಟೆ ಹಾಕಿಕೊಂಡೆವು. ಹವಾಲ್ದಾರ ಸೀಟಿ ಊದಿದ. ಬರಸಾತಿಯನ್ನು ಕೊಡವುವುದಕ್ಕೂ ಪುರುಸೊತ್ತಿಲ್ಲದೆ ಸುತ್ತಿ ತಂದು ನನ್ನ ಪೆಟ್ಟಿಗೆಯ ತಳಕ್ಕೆ ತುರುಕಿದೆ. ಮರುದಿನ ಊಟಕ್ಕೆ ಕೂತಾಗ ಹಣಮಂತರಾಯ ತನ್ನ ರೊಟ್ಟಿಗಳನ್ನೆಲ್ಲ ನನ್ನ ತಾಟಿಗೆ ಹಾಕಿದ.

"ಯಾಕಲೇ, ನಿನಗ ಬ್ಯಾಡೇನು?"

"ಹೊಟ್ಟಿ ಸರಿ ಇಲ್ಲ. ನೀ ಉಣ್ಣು."

ಹೊಟ್ಟೆ ಒಂದು ದಿನ ಕೆಡಬಹುದು. ದಿನಾ ಕೆಡುತ್ತದೆಯೇ? ಅವನು ಕೊಡುವಾಗ ನನ್ನ ಮುಖವನ್ನೇ ನೋಡುತ್ತಿದ್ದ. ಸಾಲದವನು ಅಂಗಡಿಯವನನ್ನು ನೋಡುವ ಹಾಗಲ್ಲ, ಅಂಗಡಿಯವನು ಸಾಲದವನನ್ನು ನೋಡುವ ಹಾಗೆ. ನನಗೆ ಮೈ ಉರಿಯಿತು. ಇದರಲ್ಲಿ ಏನೋ ಇದೆ ಎಂದು ರೊಟ್ಟಿಗಳನ್ನು ಜೇಬಿಗೆ ಹಾಕಿಕೊಂಡು ಹೋಗಿ ಬೇಲಿಯಾಚೆಯ ನಾಯಿಗಳಿಗೆ ಎಸೆಯತೊಡಗಿದೆ. ನಾಯಿಗಳು ತಿಂದು ಚೆನ್ನಾಗಿಯೇ ಇದ್ದವು, ಆದರೂ ನನ್ನ ಸಂಶಯ ಹೋಗಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಅವನು ಕೆರೆಯ ಹತ್ತಿರ ಹೋಗುವುದನ್ನೂ ನೋಡಿದೆ. ಪ್ಯಾಂಟು ಮಡಚಿಕೊಂಡು ದಡದ ಕೆಸರಿನಲ್ಲಿ ಕೈಯಾಡಿಸುತ್ತಾನೆ, ಬೇಲಿಯ ಕಡೆ ನೋಡುತ್ತಾನೆ, ಮತ್ತೆ ಬಗ್ಗುತ್ತಾನೆ. ಕೇಳಿದರೆ "ಏನಿಲ್ಲ, ಹಂಗ ಅಡ್ಡಾಡಾಕತ್ತೇನಿ" ಎನ್ನುತ್ತಾನೆ. ಡಿಸೆಂಬರಿನ ಚಳಿಯಲ್ಲಿ ಕೆಸರಿನೊಳಗೆ ಅಡ್ಡಾಡುವವನನ್ನು ನಾನು ನಮ್ಮ ತಾಲೂಕಿನಲ್ಲಾಗಲಿ ಅವನ ತಾಲೂಕಿನಲ್ಲಾಗಲಿ ಕಂಡಿಲ್ಲ. ಹೊರಗಿನವರಿಗಾಗಿ ಏನಾದರೂ ಹೂತಿಡುತ್ತಿದ್ದಾನೆಯೇ? ಹೋಗಿ ಹೇಳಿಬಿಡಲೇ ಎಂದು ಒಮ್ಮೆ ಅನ್ನಿಸಿತು. ಆದರೆ ಶರಫುದ್ದೀನ ಹೋಗಿ ಹಣಮಂತರಾಯನ ಮೇಲೆ ಚಾಡಿ ಹೇಳಿದರೆ ಯಾರ ಮೇಲೆ ಗುಮಾನಿ ಬರುತ್ತದೆ ಎಂಬುದು ನನಗೆ ಗೊತ್ತಿತ್ತು.

ಗುಮಾನಿ ಹೇಳದಿದ್ದರೂ ಬಂತು. ನಾನು ಬೇಲಿಯ ಹತ್ತಿರ ರೊಟ್ಟಿ ಎಸೆಯುವುದನ್ನು ಪಹರೆಯವನು ನೋಡಿದ್ದ. ತೋಮರ ನನ್ನನ್ನು ಕರೆಸಿ ಬಿಸಿಲಿನಲ್ಲಿ ನಿಲ್ಲಿಸಿದ.

"ಬೇಲಿಯಾಚೆ ಯಾರಿಗೆ ಊಟ ಕೊಡುತ್ತಿದ್ದೀಯ?" ಎಂದು ಹಿಂದಿಯಲ್ಲಿ ಕೇಳಿದ.

"ನಾಯಿಗಳಿಗೆ, ಸಾಹೇಬ."

"ಸಿಪಾಯಿಗೇ ಸಾಕಾಗದ ರೊಟ್ಟಿ ನಾಯಿಗೆ ಮಿಗುತ್ತದೆಯೇ?"

ನನ್ನದಲ್ಲ, ಹಣಮಂತರಾಯನದು ಎಂದೆ. ಅವನನ್ನು ಕರೆಸಿದರು. ಅವನು ನನ್ನನ್ನು ಒಮ್ಮೆ ನೋಡಿ, ಹೌದು, ನಾನೇ ಕೊಟ್ಟೆ, ನನ್ನ ಹೊಟ್ಟೆ ಸರಿಯಿಲ್ಲ ಎಂದ. ಅಷ್ಟಕ್ಕೆ ಬಿಟ್ಟರು. ಬಿಡುವಾಗ ತೋಮರ ನನ್ನ ಎದೆಗೆ ಬೆರಳು ಚುಚ್ಚಿ, ನಿನ್ನ ಹೆಸರಿನ ಮೇಲೆ ಇನ್ನೊಂದು ಮಾತು ಬಂದರೆ ಕಸಂ ಪರೇಡಿನಲ್ಲಿ ನೀನಿರುವುದಿಲ್ಲ, ಊರಿನ ರೈಲಿನಲ್ಲಿರುತ್ತೀಯ ಎಂದ. ಅಂದಿನಿಂದ ನಾನು ಹಣಮಂತರಾಯನ ಜೊತೆ ಮಾತು ಬಿಟ್ಟೆ. ನನ್ನನ್ನು ಸಿಕ್ಕಿಸುವುದಕ್ಕೇ ಅವನು ರೊಟ್ಟಿ ಕೊಟ್ಟ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಬಂದೂಕು ಎತ್ತಿ ಹಿಡಿದು ಓಡುವಾಗ ಹಣಮಂತರಾಯ ಮುಗ್ಗರಿಸಿ ಬಿದ್ದ, ಏಳಲಿಲ್ಲ. ಕ್ಯಾಂಪಿನ ದವಾಖಾನೆಗೆ ಹೊತ್ತೊಯ್ದರು. ನೀರು, ಚಹಾ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲವಂತೆ, ಕಾರಣ ಕೇಳಿದರೆ ಬಾಯಿ ಬಿಡುವುದಿಲ್ಲವಂತೆ. ಸೂಜಿ ಚುಚ್ಚಿ ಬಾಟಲಿ ಏರಿಸಿದ್ದಾರೆ, ಹೀಗೇ ಇದ್ದರೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ ಎಂದು ಸುದ್ದಿ ಬಂತು. ಯುದ್ಧಕ್ಕೆ ಹೆದರಿ ನಾಟಕ ಮಾಡುತ್ತಿದ್ದಾನೆ ಎಂದು ಬ್ಯಾರಕ್ಕಿನವರು ನಕ್ಕರು. ನಾನೂ ಹಾಗೇ ಅಂದುಕೊಂಡೆ.

ಮರುದಿನ ಮಧ್ಯಾಹ್ನ ಸಾಮಾನಿನ ತಪಾಸಣೆ. ಪೆಟ್ಟಿಗೆಯಲ್ಲಿರುವುದನ್ನೆಲ್ಲ ಮಂಚದ ಮೇಲೆ ಹರಡಿ ನಿಲ್ಲಬೇಕು. ಉಳಿದವರು ಬೂಟಿಗೆ ಪಾಲಿಶ್ ಹಚ್ಚಲು ಹೊರಗೆ ಕೂತಿದ್ದರು. ನಾನು ಬರಸಾತಿಯನ್ನು ಹೊರಗೆಳೆದು ಬಿಚ್ಚಿದೆ. ಕೆರೆಯ ಒಣಮಣ್ಣು ಉದುರಿತು, ಅದರ ಹಿಂದೆಯೇ ಹಣಮಂತರಾಯನ ಕರಡಿಗೆ ಠಣ್ ಎಂದು ನೆಲಕ್ಕೆ ಬಿತ್ತು. ಅದಕ್ಕೆ ಕಟ್ಟಿದ್ದ ಶಿವದಾರ ಹರಿದಿತ್ತು.

ಅಪ್ಪನ ಬುದ್ಧಿ ಮೊದಲು ಮಾತಾಡಿತು. ಇದನ್ನು ಅವನೇ ಇಟ್ಟಿದ್ದಾನೆ. ಮೊದಲು ರೊಟ್ಟಿ, ಈಗ ಬೆಳ್ಳಿ. ತಪಾಸಣೆಯಲ್ಲಿ ಇದು ನನ್ನ ಪೆಟ್ಟಿಗೆಯಿಂದ ಬಿದ್ದರೆ ಮುಗಿಯಿತಲ್ಲ ನನ್ನ ಕಥೆ. ಕಂಬಳಿ ಎಳೆದು ಅದರ ಮೇಲೆ ಹಾಕಿದೆ. ಆಮೇಲೆ ಹರಿದ ದಾರವನ್ನು ನೋಡಿದೆ. ನೀರಿನಲ್ಲಿ ನೆಂದು, ಒದ್ದೆ ಬನಿಯನ್ ಎಳೆಯುವಾಗ ಜಗ್ಗಿ ಹರಿದದ್ದು. ಬೇಕೆಂದು ಇಡುವವನು ದಾರ ಹರಿಯುವುದಿಲ್ಲ, ಬಿಚ್ಚುತ್ತಾನೆ.

ಆಗ ನನಗೆ ನಮ್ಮ ಪಕ್ಕದ ಮನೆಯ ಗುರಮ್ಮ ನೆನಪಾದಳು. ನಾನು ಚಿಕ್ಕವನಿದ್ದಾಗ ಅವಳ ಲಿಂಗ ಬಾವಿಯಲ್ಲಿ ಬಿದ್ದಿತ್ತು. ಆ ಮುದುಕಿ ಬಾವಿಕಟ್ಟೆಯ ಮೇಲೆ ಕೂತವಳು ಅದು ಸಿಗುವ ತನಕ ತುತ್ತು ಅನ್ನ ಮುಟ್ಟಿರಲಿಲ್ಲ. ಲಿಂಗವಿಲ್ಲದೆ ಉಣ್ಣುವುದು ಅವರಲ್ಲಿ ಇಲ್ಲ. ಓಣಿಯ ಗಂಡಸರೆಲ್ಲ, ನಮ್ಮಪ್ಪನೂ ಸೇರಿ, ಬಾವಿಯ ನೀರು ಎತ್ತಿ ಹಾಕಿದ್ದರು. ಆಳಂದದಲ್ಲಿ ಹುಟ್ಟಿದ ನನಗೆ ಇದು ಹೊಳೆಯಬೇಕಿತ್ತು; ಬೆಳಿಗ್ಗೆ ಅವನು ಗೋಡೆಯ ಕಡೆ ಕೂರುವುದು ನಿಂತದ್ದಾದರೂ ಕಣ್ಣಿಗೆ ಬೀಳಬೇಕಿತ್ತು. ಕೆಸರಿನಲ್ಲಿ ಅವನು ಏನು ಹುಡುಕುತ್ತಿದ್ದ, ರೊಟ್ಟಿ ಯಾಕೆ ಬೇಡವಾಯಿತು, ಎಲ್ಲ ಒಟ್ಟಿಗೇ ತಿಳಿಯಿತು. ಅವನು ಅಲ್ಲಿ ಸಾಯುತ್ತಿದ್ದಾನೆ, ಅವನ ಊಟ ಇಲ್ಲಿ ನನ್ನ ಕಂಬಳಿಯ ಕೆಳಗೆ ಇದೆ.

ಕೆರೆಗೆ ಎಸೆದುಬಿಟ್ಟರೆ ನಾನು ಉಳಿಯುತ್ತೇನೆ. ಕೊಟ್ಟರೆ, ಇಷ್ಟು ದಿನ ಇದು ನಿನ್ನ ಹತ್ತಿರ ಹೇಗಿತ್ತು ಎಂಬ ಪ್ರಶ್ನೆಗೆ ಬರಸಾತಿಯ ಕಥೆ ಹೇಳಬೇಕು. ಆ ಕಥೆಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಹೊರಗೆ ತೋಮರನ ಬೂಟಿನ ಸದ್ದು ಕೇಳಿಸಿತು. ಅಮ್ಮ ಕೊಟ್ಟ ತೊಳೆದ ಕರವಸ್ತ್ರದಿಂದ ಕರಡಿಗೆಯನ್ನು ಎತ್ತಿಕೊಂಡು, ಅದರಲ್ಲೇ ಸುತ್ತಿ ಎದೆಯ ಜೇಬಿಗೆ ಹಾಕಿಕೊಂಡೆ. ಬಾಗಿಲಿಗೆ ಹೋಗಿ, ಸಾಹೇಬ, ಹಣಮಂತರಾಯನನ್ನು ನೋಡಬೇಕು, ನಾನು ಹೇಳಿದರೆ ಉಂಡಾನು ಎಂದೆ.

"ಮಾತು ಬಿಟ್ಟಿದ್ದವನಿಗೆ ಈಗ ಪ್ರೀತಿ ಉಕ್ಕಿತೇ?" ತೋಮರನ ಕಣ್ಣು ನನ್ನ ಉಬ್ಬಿದ ಜೇಬಿನ ಮೇಲೆ ನಿಂತಿತು. "ನಡೆ, ನಾನೂ ಬರುತ್ತೇನೆ."

ಹಣಮಂತರಾಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕೆನ್ನೆ ಒಳಗೆ ಹೋಗಿತ್ತು. ಸ್ಟೂಲಿನ ಮೇಲಿದ್ದ ತಾಟಿನಲ್ಲಿ ರೊಟ್ಟಿ ಒಣಗಿತ್ತು. ತೋಮರ ಮಂಚದ ಕಾಲಿನ ಹತ್ತಿರ ಕೈಕಟ್ಟಿ ನಿಂತ. ನಾನು ಕರವಸ್ತ್ರ ಬಿಚ್ಚಿ ಹಣಮಂತರಾಯನ ಮುಂದೆ ಹಿಡಿದೆ.

ಅವನು ತಟ್ಟನೆ ಎದ್ದು ಕೂತ. ಆ ಬಲ ಎಲ್ಲಿಂದ ಬಂತೋ. ಎರಡೂ ಕೈಯಲ್ಲಿ ಕರಡಿಗೆ ತೆಗೆದುಕೊಂಡು, ತೆರೆದು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣಿಗೆ ಒತ್ತಿಕೊಂಡ. ಅವನ ಹೆಗಲು ಅಲುಗತೊಡಗಿತು. ನನಗೂ ಅಳು ಬಂತು.

"ಇದು ಎಲ್ಲಿ ಸಿಕ್ಕಿತು?" ತೋಮರ ಕೇಳಿದ. ಕೇಳಿದ್ದು ಅವನನ್ನು, ನೋಡಿದ್ದು ನನ್ನನ್ನು.

ನಾನು ಬಾಯಿ ತೆರೆದೆ. ಮಾತು ಹೊರಡುವ ಮೊದಲೇ ಹಣಮಂತರಾಯ ತನ್ನ ಹರಕು ಹಿಂದಿಯಲ್ಲಿ ಹೇಳಿದ: "ಕಳೆದಿರಲಿಲ್ಲ ಸಾಹೇಬ. ದಾರ ಹರಿದಿತ್ತು, ಜೋಪಾನ ಮಾಡು ಎಂದು ನಾನೇ ಇವನ ಕೈಗೆ ಕೊಟ್ಟಿದ್ದೆ. ಹೊಟ್ಟೆನೋವಿನಲ್ಲಿ ಮರೆತುಬಿಟ್ಟೆ."

ತೋಮರ ಇಬ್ಬರನ್ನೂ ನೋಡಿದ. ನಂಬಿದನೋ ಇಲ್ಲವೋ ತಿಳಿಯದು. ಊಟ ಮಾಡಿಸಿ ಬಾ, ತಪಾಸಣೆ ಕಾಯುತ್ತದೆ ಎಂದು ಹೊರಟುಹೋದ.

ನಾನು ಮಂಚದ ಅಂಚಿಗೆ ಕೂತೆ. "ಸುಳ್ಳ ಯಾಕ ಹೇಳಿದಿಲೇ? ಲಿಂಗ ಕೈಯಾಗ ಹಿಡಕೊಂಡು?"

"ಮತ್ತೇನು ಹೇಳಬೇಕಿತ್ತು?" ಎಂದ ಅವನು. ದನಿ ಮೆತ್ತಗಿತ್ತು. "ಕಳದದ ಅಂತ ಮೊದಲಽ ಹೇಳಿದ್ರ ಎಲ್ಲಾರ ಪೆಟ್ಟಿಗಿ ತೆಗಸ್ತಿದ್ರು. ನಿಂದೂ ತೆಗಸ್ತಿದ್ರು. ಆಮ್ಯಾಲ ನಿನ್ನ ಯಾರು ಬಿಡ್ತಿದ್ರು? ಅದಕ್ಕ ಸುಮ್ಮನಿದ್ದೆ. ದಿನಾ ರೊಟ್ಟಿ ಹಾಕಾಕತ್ರ ಇಂದಿಲ್ಲ ನಾಳಿ ನಿನ್ನ ಮನಸ್ಸು ಕರಗೀತು, ತಂದು ಕೊಟ್ಟೀದಿ ಅಂತ ದಾರಿ ನೋಡಾಕತ್ತಿದ್ದೆ."

ಅವನು ಹೇಳಿದ್ದು ನನ್ನ ತಲೆಗೆ ಹೋಗುವುದಕ್ಕೆ ಹೊತ್ತು ಹಿಡಿಯಿತು. ಕೆರೆಯಲ್ಲಿ ಸಿಗದೆ ಹೋದ ಮೇಲೆ ಇವನು ನನ್ನನ್ನು ಕಳ್ಳ ಎಂದು ತೀರ್ಮಾನಿಸಿದ್ದ. ಬೆಳ್ಳಿ ಖರೆಯೋ ಎಂದು ಕೇಳಿದವನು ನಾನೇ ಅಲ್ಲವೇ? ಕಳ್ಳ ಎಂದು ತಿಳಿದೂ ನನ್ನ ಹೆಸರು ಹೇಳದೆ ಇಲ್ಲಿ ಬಂದು ಒಣಗುತ್ತ ಮಲಗಿದ್ದ.

"ನಾ ಕದ್ದಿಲ್ಲೋ ಹಣಮಂತ. ಬರಸಾತಿ ಒಳಗ ಸಿಕ್ಕಿತ್ತು. ಅಮ್ಮನಾಣಿ."

ಅವನು ದಾರದ ಎರಡು ತುದಿ ಸೇರಿಸಿ ಗಂಟು ಹಾಕಿಕೊಳ್ಳುತ್ತಿದ್ದ. "ಆಣಿ ಮಾಡಬ್ಯಾಡ. ಯಾರಿಗೂ ಹೇಳಂಗಿಲ್ಲ ನಾ. ತಂದು ಕೊಟ್ಟೀದಿ ಅಲ್ಲ, ಮುಗೀತು."

"ಮುಗದಿಲ್ಲಲೇ. ಖರೇನ ಹೇಳಾಕತ್ತೇನಿ, ನಂಬು."

"ಇರ್ಲಿ ಬಿಡು ಶರಫು."

ನನಗೆ ಸಿಟ್ಟು ಬಂತು. ಕೊರಳಪಟ್ಟಿ ಹಿಡಿದು ಅಲುಗಿಸಿ, ನಾನು ಕಳ್ಳನಲ್ಲ ಎಂದು ಅವನ ಬಾಯಿಂದಲೇ ಹೇಳಿಸಬೇಕು ಅನ್ನಿಸಿತು. ಜೋರಾಗಿ ಕೂಗಿದರೆ ಬಾಗಿಲಾಚೆ ಯಾರ ಕಿವಿಗಾದರೂ ಬಿದ್ದು ತೋಮರನಿಗೆ ಮುಟ್ಟುತ್ತದೆ, ಅವನು ನನಗಾಗಿ ಹೇಳಿದ ಸುಳ್ಳು ಬಯಲಾಗುತ್ತದೆ. ಮೆಲ್ಲಗೆ ಹೇಳಿದರೆ ಇವನು ನಂಬುವುದಿಲ್ಲ. ಇವನ ಕಣ್ಣಿನಲ್ಲಿ ಸಂಶಯವಾದರೂ ಇದ್ದಿದ್ದರೆ ನಾನು ಜಗಳ ಆಡಬಹುದಿತ್ತು. ಅಲ್ಲಿ ಇದ್ದದ್ದು ಕ್ಷಮೆ.

ಹಣಮಂತರಾಯ ಲಿಂಗಕ್ಕೆ ನಮಸ್ಕಾರ ಮಾಡಿ, ಅದನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು, ಒಣಗಿದ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನತೊಡಗಿದ. ನಾನು ಅವನು ತಿಂದು ಮುಗಿಸುವ ತನಕ ಪಕ್ಕದಲ್ಲಿ ಕೂತಿದ್ದು, ಇನ್ನೊಮ್ಮೆ ಹೇಳಿ ನೋಡಿದೆ. ಅವನು ತಲೆಯಾಡಿಸಿದ, ನಂಬಲಿಲ್ಲ.