ಬೀಗರ ಪಂಕ್ತಿಯಲ್ಲಿ ಒಂದು ಸಾಕು

ಕುರ್ಚಿ ಸದ್ದು ಮಾಡಲಿಲ್ಲ, ಕೂತೆ, ಸದ್ದೇ ಇಲ್ಲ, ಕುರ್ಚಿಯ ಎರಡು ಕೈಗಳ ನಡುವೆ ಇನ್ನೂ ಜಾಗ ಉಳಿದಿದೆ, ಎಡಕ್ಕೆ ವ್ಯಾನಿಟಿ ಬ್ಯಾಗು ಇಟ್ಟುಕೊಳ್ಳಬಹುದು, ಇಟ್ಟುಕೊಂಡೆ, ಆದರೂ ಸುಮ್ಮನೆ ಒಂದು ಸಲ ಸೊಂಟ ಆ ಕಡೆ ಈ ಕಡೆ ಆಡಿಸಿ ನೋಡಿದೆ, ಪ್ಲಾಸ್ಟಿಕ್ ಕುರ್ಚಿ ಅಂದರೆ ಇಷ್ಟು ಅಗಲವೆ — ಆಪರೇಷನ್ನಿಗೆ ಮುಂಚೆ ಹೀಗೇ ಒಂದು ಮದುವೆಯಲ್ಲಿ ನಾನು ಎದ್ದಾಗ ಕುರ್ಚಿಯೂ ಜೊತೆಗೇ ಎದ್ದಿತ್ತು, ಹಿಂದೆ ಕಚ್ಚಿಕೊಂಡು, ಹುಡುಗೀರು ನಕ್ಕಿದ್ದವು, ನಾನೂ ನಕ್ಕಿದ್ದೆ, ಅವರಿಗಿಂತ ಜೋರಾಗಿ, ನಗದೆ ಇನ್ನೇನು ಮಾಡಲಿ — ಈವತ್ತು ಕಂಪಲಾಪುರದ ಈ ಶಾಮಿಯಾನದ ಕೆಳಗೆ ನಾನು ಬೀಗಿತಿ, ತಮ್ಮ ಶಶಿಯ ಮದುವೆ ಆಗಿ ಇನ್ನೂ ಅರಿಶಿನ ಮಾಸಿಲ್ಲ, ಹೆಣ್ಣಿನ ಮನೆಯವರು ಬಾಡೂಟಕ್ಕೆ ಕರೆದಿದ್ದಾರೆ, ಮೊದಲ ಪಂಕ್ತಿ ಗಂಡಿನ ಕಡೆಯವರದ್ದು, ಗಂಡಿನ ಒಬ್ಬಳೇ ಅಕ್ಕ ನಾನು, ಮೊದಲ ಕುರ್ಚಿ ನನ್ನದು, ಮೊದಲ ಎಲೆ ನನ್ನದು, ಪಕ್ಕದಲ್ಲಿ ಕೂತ ಅವ್ವ ಎಲೆಗೆ ನೀರು ಚಿಮುಕಿಸುತ್ತಾ ತುಟಿ ಆಡಿಸದೆ ಹೇಳುತ್ತಿದ್ದಾಳೆ, ಎಲೇಲಿ ಬುಡಬ್ಯಾಡ ಕಣವ್ವ, ಬೀಗಿತಿ ಉಣ್ಣದೆ ಎದ್ಲು ಅಂತ ಊರೆಲ್ಲಾ ಆಯ್ತದೆ, ಆ ಹುಡುಗಿ ರಮ್ಯ ನಮ್ಮನೇಲಿ ತಲೆ ಎತ್ತಾದೆಂಗೆ ಹೇಳು — ಅಷ್ಟೇ ಈವತ್ತಿನ ಸಮಸ್ಯೆ, ಬಿಟ್ಟರೆ ಹೊಸ ಹುಡುಗಿಗೆ ನೋವು, ತಿಂದರೆ ನಾನು ಈ ಶಾಮಿಯಾನದಲ್ಲೇ ಎಲ್ಲರ ಮುಂದೆ ವಾಂತಿ ಮಾಡಿಕೊಳ್ಳುತ್ತೇನೆ, ಯಾಕೆಂದರೆ ಆಪರೇಷನ್ನಿನಲ್ಲಿ ಕುಯ್ದು ನನ್ನ ಹೊಟ್ಟೆ ಈಗ ಒಂದು ಬಾಳೆಕಾಯಿಯಷ್ಟು, ಅದು ಇಲ್ಲಿ ಯಾರಿಗೂ ಗೊತ್ತಿಲ್ಲ, ಅವ್ವ ಎಲ್ಲರಿಗೂ ಪಿತ್ತಕೋಶದ ಕಲ್ಲು ತೆಗೆಸಿದ್ದು ಅಂದುಬಿಟ್ಟಿದ್ದಾಳೆ, ಪಾಪ ಎಷ್ಟು ದೊಡ್ಡ ಕಲ್ಲೋ ಏನೋ ಕಣಮ್ಮ ಇಷ್ಟು ಇಳಿದೋಗಿದ್ದೀಯಲ್ಲ ಅಂತ ರಮ್ಯಳ ಸೋದರತ್ತೆಯೊಬ್ಬರು ಬಾಗಿಲಲ್ಲೇ ನನ್ನ ಕೆನ್ನೆ ಸವರಿದರು, ಬಂಡೆನೇ ಇತ್ತು ಅತ್ತೆ ಅಂದೆ.

ಪ್ಲಾನೇನೋ ಮಾಡಿಕೊಂಡೇ ಬಂದಿದ್ದೆವು, ಗಂಡ ನನ್ನ ಎಡಕ್ಕೆ ಕೂರುವುದು, ಯಾರೂ ನೋಡದಾಗ ನನ್ನ ಎಲೆಯಿಂದ ತನ್ನ ಎಲೆಗೆ ಎಳೆದುಕೊಳ್ಳುವುದು, ಹುಣಸೂರಿನಿಂದ ಬರುವಾಗ ಬೈಕಿನ ಮೇಲೆ ರಿಹರ್ಸಲ್ಲು ಬೇರೆ, ನೀನು ಕೆಮ್ಮು ಪವಿ, ನಾನು ಎಳ್ಕತೀನಿ, ಗೌರೀಶ್ ಹೆಲ್ಮೆಟ್ಟಿನೊಳಗಿಂದ ಕೂಗುತ್ತಿದ್ದರು, ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕದೆ ನನ್ನ ಪಾಲಿಗೂ ಜಾಗ ಮಾಡಿಕೊಂಡಿದ್ದರು ಮಹಾಶಯರು, ಬಂದು ನೋಡಿದರೆ ಹೆಂಗಸರ ಪಂಕ್ತಿ ಬೇರೆ, ಗಂಡಸರ ಪಂಕ್ತಿ ಬೇರೆ, ಈಗ ಎದುರು ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಾ ಸುಮ್ಮಸುಮ್ಮನೆ ಕೆಮ್ಮುತ್ತಿದ್ದಾರೆ, ಕೆಮ್ಮಬೇಕಾದವಳು ನಾನು ಕಣ್ರೀ — ನಗು ಬರುತ್ತಿದೆ, ನಗಬಾರದು, ನಗು ಬಂದರೆ ಈಗ ಮೈಯೆಲ್ಲಾ ನಗುವುದಿಲ್ಲ, ಮುಖ ಮಾತ್ರ ನಗುತ್ತದೆ, ಅದೇ ಒಂದು ಹೊಸದು, ಎಷ್ಟು ಹೊಸದು ಬಂದಿದೆ ಈ ಮೈಗೆ, ಕುತ್ತಿಗೆಯ ಕೆಳಗೆ ಎರಡು ಮೂಳೆ ಇವೆ ಅಂತ ಮೂವತ್ತೈದು ವರ್ಷ ಗೊತ್ತೇ ಇರಲಿಲ್ಲ, ಸ್ನಾನ ಮಾಡುವಾಗ ಅಲ್ಲಿ ನೀರು ನಿಲ್ಲುತ್ತದೆ, ಹುಣಸೂರಿನಿಂದ ಕೋಟೆಗೆ ಹೋಗುವ ನನ್ನ ಬಸ್ಸಿನಲ್ಲಿ ಈಗ ಹಿಂದಿನ ಸೀಟಿನ ತನಕ ಸಲೀಸಾಗಿ ಹೋಗಿ ಟಿಕೆಟ್ ಹರಿದು ಬರುತ್ತೇನೆ, ಮೊದಲು ಕಂಡಕ್ಟರಮ್ಮ ಬಂದ್ರು ಎದ್ದೇಳ್ರೋ ಬಸ್ಸು ಆ ಕಡೀಕೆ ವಾಲ್ತದೆ ಅನ್ನುತ್ತಿದ್ದ ಸೊಪ್ಪಿನ ಮೂಟೆಯ ದೊಡ್ಡಮಾದಯ್ಯನೇ ಮೊನ್ನೆ ನನ್ನ ಮುಖ ನೋಡಿ, ಹಳೇ ಕಂಡಕ್ಟರಮ್ಮನ್ನ ಎತ್ಲಾಗೆ ಟ್ರಾನ್ಸ್‌ಫರ್ ಮಾಡಿದ್ರವ್ವ, ಒಳ್ಳೇ ಹೆಂಗ್ಸು, ಅಂದ, ನಾನು ಅಷ್ಟೇ ಗಂಭೀರವಾಗಿ ಚಾಮರಾಜನಗರಕ್ಕೆ ಅಂದೆ — ಟೈಲರ್ ಜೀನತುನ್ನೀಸಾ ಆಂಟಿಯ ಗೋಳು ಇನ್ನೊಂದು ಥರ, ಅರೇ ಪವಿತ್ರಾ ಈ ಬ್ಲೌಸ್ ಎಷ್ಟು ಸಲ ಹಿಡಿಯೋದು, ಇನ್ನೊಂದು ಸಲ ಹಿಡಿದ್ರೆ ತೋಳು ಎರಡೂ ಬೆನ್ನಲ್ಲಿ ಬಂದು ಕೂತ್ಕೋತಾವೆ, ಹೊಸ ಬಟ್ಟೆ ತಗೊಂಡು ಬಾ ಹೋಗಮ್ಮ, ಹಾಗಂದು ಟೇಪನ್ನು ನನ್ನ ಸುತ್ತ ತಂದು, ಉಳಿದ ಟೇಪಿನ ತುದಿಯನ್ನು ತನ್ನ ಸೊಂಟಕ್ಕೂ ಸುತ್ತಿಕೊಂಡು, ನೋಡು ಇಬ್ಬರೂ ಹಿಡಿದ್ವಿ ಅಂತ ನಕ್ಕರು, ಹೊಲಿಗೆ ಮೆಷಿನ್ನಿನ ಮೇಲೆ ಕೈಯಿಟ್ಟು ನಾನು ಅತ್ತೆ, ಯಾಕೆ ಅತ್ತೆನೋ, ಸಂತೋಷಕ್ಕೇ ಇರಬೇಕು.

ಉಪ್ಪು, ಈರುಳ್ಳಿ, ನಿಂಬೆ ಹೋಳು, ಮೊಟ್ಟೆ, ಕಬಾಬು, ಬೋಟಿ ಗೊಜ್ಜು, ಎಲೆ ಬಣ್ಣಬಣ್ಣ ಆಗುತ್ತಿದೆ, ಮೊದಲು ಮೊಟ್ಟೆಯ ಬಿಳಿ, ಸಣ್ಣ ಚೂರು, ಅಗಿ, ಅಗಿ, ಗಂಜಿ ಆಗುವ ತನಕ ಅಗಿ ಅಂದಿದ್ದಾರೆ ಡಾಕ್ಟರು, ಪಕ್ಕದಲ್ಲಿ ಅವ್ವ ಕಬಾಬು ಮುಗಿಸಿ ಮೂಳೆ ಎಲೆಯ ತುದಿಗೆ ಇಟ್ಟಾಯಿತು, ನಾನಿನ್ನೂ ಮೊದಲ ತುತ್ತು — ನಿಮಗೆ ಹೊಟ್ಟೆ ತುಂಬಿದ್ದು ಹೇಗೆ ಗೊತ್ತಾಗುತ್ತೆ, ಆಪರೇಷನ್ನಿಗೆ ಮೊದಲು ಮೈಸೂರಿನ ಆ ಡಯಟೀಷಿಯನ್ ಹುಡುಗಿ ಕೇಳಿದ್ದಳು, ತಟ್ಟೆ ಖಾಲಿ ಆದಾಗ ಅಂದೆ, ಅವಳು ನಕ್ಕಳು, ನಾನು ತಮಾಷೆ ಮಾಡಿರಲಿಲ್ಲ, ನಿಜವಾಗಿ ನನಗೆ ಊಟ ಮುಗಿಯುತ್ತಿದ್ದದ್ದೇ ಹಾಗೆ, ಪಾತ್ರೆ ಮುಗಿದಾಗ, ಬೇರೆಯವರು ಎದ್ದಾಗ, ಯಾರೋ ನೋಡಿದಾಗ, ಒಳಗಿನಿಂದ ಯಾರೂ ಯಾವತ್ತೂ ಏನೂ ಹೇಳಿದ್ದಿಲ್ಲ, ಸೋಮವಾರ ಬೆಳಿಗ್ಗೆಯ ಬಸ್ಸಿನ ಹಾಗೆ, ಫುಟ್‌ಬೋರ್ಡಿನಲ್ಲಿ ಯಾವಾಗಲೂ ಇನ್ನಿಬ್ಬರಿಗೆ ಜಾಗ, ಒಳಗೆ ನಡೀರಿ ಒಳಗೆ ನಡೀರಿ, ಬಾಗಿಲು ಅನ್ನುವುದೇ ಇಲ್ಲ — ಬಾಗಿಲೇನೋ ಈಗ ಕೂರಿಸಿದ್ದಾರೆ, ಆದರೆ ಅದರ ಸದ್ದು ಕೇಳುವುದಕ್ಕೆ ಕಿವಿ ನಾನೇ ಬೆಳೆಸಿಕೊಳ್ಳಬೇಕಿತ್ತು, ಮೊದಲ ತಿಂಗಳುಗಳಲ್ಲಿ ಒಂದೇ ಗುರುತು, ಬಲಮೂಗಿನ ತುದಿಯಲ್ಲಿ ಒಂದು ಹನಿ ನೀರು ಇಳಿಯುತ್ತದೆ, ಇಳಿದರೆ ಹೊಟ್ಟೆ ತುಂಬಿತು ಕೈ ತೊಳಿ ಅಂತ ಅರ್ಥ, ಬೈಲಕುಪ್ಪೆಯ ಟಿಬೆಟಿ ಕ್ಯಾಂಪಿನಲ್ಲಿ ನಾನೂ ಗೌರೀಶೂ ಒಂದೇ ಒಂದು ಮೋಮೊ ಇಟ್ಟುಕೊಂಡು ಕೂತಿದ್ದೆವು, ಮೊದಲು ಇದೇ ಅಂಗಡಿಯಲ್ಲಿ ಪ್ಲೇಟಿನ ಮೇಲೆ ಪ್ಲೇಟು ಜೋಡಿಸಿದವಳು, ಕೆಂಪು ಬಟ್ಟೆಯ ಹುಡುಗ ಸನ್ಯಾಸಿಗಳು ರಸ್ತೆಯಲ್ಲಿ ಫುಟ್‌ಬಾಲ್ ಆಡಿ ಮುಗಿಸಿ ಹೋದರು, ನಾನಿನ್ನೂ ಅದೇ ಮೋಮೊ, ಅಂಗಡಿಯ ಟಿಬೆಟಿ ಅಜ್ಜಿ ಬಂದು ಯಾಕೆ ಚೆನ್ನಾಗಿಲ್ಲವಾ ಅಂತ ಕನ್ನಡದಲ್ಲೇ ಕೇಳಿದಳು, ತುಂಬಾ ಚೆನ್ನಾಗಿದೆ ಅಜ್ಜಿ ಅನ್ನುವಷ್ಟರಲ್ಲಿ ಮೂಗಿನಿಂದ ಟಪ್ ಅಂತ ಹನಿ ಬಿತ್ತು — ಆದರೆ ಇಲ್ಲಿ, ಈ ಬೀಗರ ಮನೆಯಲ್ಲಿ, ಮಟನ್ ಸಾರಿನ ಬಕೆಟ್ಟು ಇನ್ನೂ ಆ ತುದಿಯಲ್ಲಿರುವಾಗಲೇ ಇಡೀ ಪಂಕ್ತಿಗೆ ಮೂಗು ಸೋರುತ್ತಿದೆ, ಅವ್ವನಿಗೆ ಸೋರುತ್ತಿದೆ, ಎದುರು ಸಾಲಿನಲ್ಲಿ ಗೌರೀಶ್ ಕರ್ಚೀಫು ಹುಡುಕುತ್ತಿದ್ದಾರೆ, ನನಗೂ ಸೋರುತ್ತಿದೆ, ಇದು ಖಾರಕ್ಕೋ ಹೊಟ್ಟೆಗೋ, ಯಾರನ್ನು ಕೇಳಲಿ, ಗುರುತು ಇಲ್ಲಿ ಕೆಲಸಕ್ಕೆ ಬಾರದು, ಇನ್ನು ಒಳಗೇ ಕಿವಿಗೊಟ್ಟು ಕೇಳಬೇಕು.

ಹಬೆ — ಚಲುವಯ್ಯ ಮಾವ ಬಂದರು, ರಮ್ಯಳ ಅಪ್ಪ, ಹೊಸ ಪಂಚೆ, ಹೆಗಲ ಮೇಲೆ ಟವೆಲ್ಲು, ಬೇರೆಯವರಿಗೆ ಹುಡುಗರು ಬಡಿಸುತ್ತಿದ್ದರೆ ನನ್ನ ಎಲೆಗೆ ಸ್ವಂತ ಕೈಯಲ್ಲಿ ಮುದ್ದೆ ತಂದಿದ್ದಾರೆ, ಗಂಡಿನ ಅಕ್ಕನಿಗೆ ಹೆಣ್ಣಿನ ಅಪ್ಪನೇ ಮುದ್ದೆ ಇಡಬೇಕು, ಬೇಡ ಅನ್ನುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಎಲೆಯ ಮೇಲೆ ಕೂತುಬಿಟ್ಟಿತು, ಮಗುವಿನ ತಲೆಯಷ್ಟು, ನುಣ್ಣಗೆ, ಕಪ್ಪಗೆ, ಉಣ್ಣವ್ವ ನಾಚ್ಕಬ್ಯಾಡ, ಮೇಲೆ ಸಾರು ಬಂತು, ಹುರಿದ ಕಾಯಿ, ಚಕ್ಕೆ, ಗಸಗಸೆ, ಆ ವಾಸನೆ — ಮುದ್ದೆ ಮುಟ್ಟಿ ಒಂದು ವರ್ಷದ ಮೇಲಾಯಿತು, ಎಲ್ಲಾ ತುತ್ತೂ ಅಗಿಯಬೇಕು ಅಂದ ಡಾಕ್ಟರು ಮುದ್ದೆಯ ಊರಿನವರಲ್ಲ, ಮುದ್ದೆಗೆ ಹಲ್ಲು ತಾಗಿಸಬಾರದು, ಸಾರಲ್ಲಿ ಹೊರಳಿಸಿ ನುಂಗಬೇಕು, ಚಿಕ್ಕಂದಿನಲ್ಲಿ ಅಗಿದರೆ ಅವ್ವ ಬೆನ್ನಿಗೆ ಗುದ್ದುತ್ತಿದ್ದಳು, ಅಗಿದರೆ ಅದು ಹಲ್ಲಿಗೆ ಮೆತ್ತಿಕೊಂಡು ಮಣ್ಣು ತಿಂದಂತಾಗುತ್ತದೆ, ಅಗಿದರೆ ಮುದ್ದೆಯಲ್ಲ, ನುಂಗಿದರೆ ನಾನಿಲ್ಲ, ಅದಕ್ಕೇ ಬಿಟ್ಟೇಬಿಟ್ಟಿದ್ದೆ — ಹುಣಸೆ ಬೀಜದಷ್ಟು ಮುರಿದೆ, ಮುರಿದ ಕಡೆಯಿಂದ ಹಬೆ ಎದ್ದಿತು, ಸಾರಿಗೆ ಅದ್ದಿದೆ, ನಾಲಿಗೆಯ ಮೇಲಿಟ್ಟೆ, ಜಾರಿತು, ಅಯ್ಯೋ ಎಷ್ಟು ಚೆಂದ ಜಾರಿತು, ಇಡೀ ಗಂಟಲು ನೆನಪು ಮಾಡಿಕೊಂಡಿತು, ಕಣ್ಣು ಮುಚ್ಚಿಕೊಂಡವು, ಇನ್ನೊಂದು ಹುಣಸೆ ಬೀಜ, ಹೋಯಿತು, ನನಗೆ ಮುದ್ದೆ ಉಣ್ಣುವುದಕ್ಕೆ ಬರುತ್ತದೆ, ಹೀಗೂ ಉಣ್ಣಬಹುದು, ಯಾರೂ ಹೇಳಿಕೊಟ್ಟಿರಲಿಲ್ಲವಲ್ಲ — ಆಮೇಲೆ ಕೈ ನನ್ನ ಮಾತು ಕೇಳಲಿಲ್ಲ, ಅದು ಹಳೆಯ ಕೈ, ಮೂವತ್ತೈದು ವರ್ಷದ ಕೈ, ಅದಕ್ಕೆ ಆಪರೇಷನ್ ಆಗಿಲ್ಲ, ಅದು ತನ್ನ ಪಾಡಿಗೆ ನಿಂಬೆಹಣ್ಣಿನಷ್ಟು ಮುರಿದು, ಹೆಬ್ಬೆಟ್ಟಿನಲ್ಲಿ ಒತ್ತಿ ಗುಳಿ ಮಾಡಿ, ಗುಳಿಗೆ ಸಾರು ತುಂಬಿಕೊಂಡು, ಬಾಯಿಗೆ ಹಾಕಿ, ನುಂಗಿತು.

ನಿಂತಿತು. ಎದೆಯ ನಡುವೆ, ಮುಷ್ಟಿಯ ಹಾಗೆ, ಕೆಳಗೂ ಇಲ್ಲ ಮೇಲೂ ಇಲ್ಲ, ಬಾಯಿ ತುಂಬ ಜೊಲ್ಲು, ಎದ್ದು ಓಡಬೇಕು, ಓಡುವ ಹಾಗಿಲ್ಲ, ಪಂಕ್ತಿಯ ನಡುವೆ ಬೀಗಿತಿ ಎದ್ದರೆ ಎಲ್ಲರ ಕೈಯೂ ನಿಲ್ಲುತ್ತದೆ, ಕಣ್ಣಲ್ಲಿ ನೀರು ಇಳಿಯುತ್ತಿದೆ, ಯಾಕವ್ವ ಖಾರ ಆಯ್ತಾ, ಏ ಬೀಗಿತಿಗೆ ನೀರ್ ಕೊಡ್ರಲಾ, ಚಲುವಯ್ಯ ಮಾವ ಕೂಗುತ್ತಿದ್ದಾರೆ, ನೀರು ಬೇಡ, ನೀರೊಂದು ಬೇಡ ದೇವರೇ, ನೀರು ಬಿದ್ದರೆ ಎಲ್ಲಾ ಆಚೆಗೇ, ತಲೆ ಆಡಿಸುತ್ತೇನೆ, ಎದುರು ಸಾಲಿನಲ್ಲಿ ಗೌರೀಶ್ ಕೆಮ್ಮುವುದು ಬಿಟ್ಟು ಅರ್ಧ ಎದ್ದು ನಿಂತಿದ್ದಾರೆ, ಕೂತ್ಕಳ್ರೀ, ಕಣ್ಣಲ್ಲೇ ಹೇಳುತ್ತೇನೆ, ಬೆನ್ನು ನೆಟ್ಟಗೆ ಮಾಡು, ಭುಜ ಬಿಡು, ಉಸಿರು ಸಣ್ಣಗೆ, ಅವಸರ ಮಾಡಬೇಡ, ನೋಡುವುದಕ್ಕೆ ಏನಾದರೂ ಬೇಕು, ಮುರಿದ ಮುದ್ದೆ ನೋಡು, ಹಬೆ ನೋಡು, ಬಿಳಿ ದಾರದ ಹಾಗೆ, ಮುರಿದ ಜಾಗದಿಂದ ಎದ್ದು, ಬಳುಕಿ, ಇಲ್ಲವಾಗಿ, ಮತ್ತೆ ಎದ್ದು — ಜಾರಿತು, ಅಬ್ಬ, ಜಾರಿತು, ಮುಷ್ಟಿ ಬಿಚ್ಚಿಕೊಂಡಿತು, ಇಡೀ ಎದೆ ಖಾಲಿ ಖಾಲಿ, ಆ ಖಾಲಿಯ ಕೆಳಗೆ ಏನೋ ಕೂತಿದೆ, ಬೆಚ್ಚಗೆ, ಭಾರವಲ್ಲ, ನೋವಲ್ಲ, ಮೂಗಿನ ಹನಿಯೂ ಅಲ್ಲ, ಯಾರೋ ಒಳಗಿನಿಂದ ಬಾಗಿಲು ಮೆತ್ತಗೆ ಎಳೆದುಕೊಂಡ ಹಾಗೆ, ಇದೇ, ಇದೇ ಇರಬೇಕು — ಸೌಟು ಬಂತು, ತುಂಡಿನ ಸೌಟು, ಬರೀ ಸಾರಲ್ಲೇ ಉಣ್ತಿದ್ದೀಯಲ್ಲವ್ವ ತುಂಡು ಹಾಕ್ತೀನಿ ತಗೊ, ಸಾಕು ಮಾವ ಅಂದೆ, ಸಾಕು ಅಂದರೆ ಬೀಗರ ಊಟದಲ್ಲಿ ಹಾಕಿ ಅಂತಲೇ ಲೆಕ್ಕ, ಎಲ್ಲರೂ ಸಾಕು ಅನ್ನುತ್ತಾರೆ, ಎಲ್ಲರಿಗೂ ಬೀಳುತ್ತದೆ, ಎಲೆಗೆ ಕೈ ಅಡ್ಡ ಹಿಡಿದೆ, ಕೈ ಮೇಲೇ ಹಾಕ್ತೀನಿ ನೋಡು ಅಂತ ಸೌಟು ಬಗ್ಗಿಸುತ್ತಿದ್ದಾರೆ, ನಗುತ್ತಿದ್ದಾರೆ, ಎಷ್ಟು ಪ್ರೀತಿಯ ಮನುಷ್ಯ, ಈ ಮನುಷ್ಯನಿಗೆ ಕಲ್ಲು ಗಿಲ್ಲು ಅಂತ ಸುಳ್ಳು ಹೇಳಿ ಎಲೆಯಲ್ಲಿ ಬಿಡಲೇ — ಮಾವ, ಕಲ್ಲಲ್ಲ, ನಾನು ಹೊಟ್ಟೆನೇ ಕುಯ್ಸಿದೀನಿ, ದಪ್ಪ ಇಳೀಲಿ ಅಂತ, ಬಾಳೆಕಾಯಷ್ಟೇ ಉಳಿದಿರೋದು, ಅಷ್ಟೂ ನಿಮ್ಮ ಸಾರಲ್ಲೇ ತುಂಬೋಯ್ತು, ನಿಜವಾಗ್ಲೂ ತುಂಬೋಯ್ತು — ನನ್ನ ಬಾಯಿಂದಲೇ ಬಂತು, ಜೋರಾಗಿ, ಕಂಡಕ್ಟರ್ ಗಂಟಲು ನೋಡಿ, ಇಡೀ ಶಾಮಿಯಾನಕ್ಕೆ ಕೇಳಿಸಿತು, ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಳು, ಸೌಟು ಗಾಳಿಯಲ್ಲೇ ನಿಂತಿತು, ಸಾರು ಒಂದು ಹನಿ, ಇನ್ನೊಂದು ಹನಿ, ಚಲುವಯ್ಯ ಮಾವ ನನ್ನ ಮುಖ ನೋಡಿದರು, ಎಲೆ ನೋಡಿದರು, ಮತ್ತೆ ಮುಖ, ಬಾಳೆಕಾಯಾ, ಹೂಂ ಮಾವ, ತುಂಬ್ತಾ, ತುಂಬ್ತು, ಸುಳ್ಳಲ್ವಾ, ತಾಯಾಣೆ ಅಲ್ಲ — ಸೌಟು ಮೇಲಕ್ಕೆ ಎತ್ತಿದರು, ಕಪ್ ಗೆದ್ದವರ ಹಾಗೆ, ಒಲೆಯ ಕಡೆ ತಿರುಗಿ ಕೂಗಿದರು, ಏ ರುದ್ರಸ್ವಾಮಿ, ಕೇಳ್ದೇನ್ಲಾ, ಗಂಡಿನ ಕಡೇಲಿ ಮೊದಲ್ನೇ ವಿಕೆಟ್ ಬಿತ್ತು ಕಣ್ಲಾ, ಬೀಗಿತಿನ ಸೋಲಿಸ್ಬುಟ್ಟೆ, ಒಲೆಯ ಹತ್ತಿರ ಬಾಣಸಿಗರೆಲ್ಲಾ ಹೋ ಅಂದರು, ಪಂಕ್ತಿಯೂ ನಕ್ಕಿತು, ಅವ್ವನ ಸೆರಗು ಕೆಳಗಿಳಿಯಿತು, ಒಳಮನೆಯ ಬಾಗಿಲಲ್ಲಿ ರಮ್ಯ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಾಳೆ, ಹೆಮ್ಮೆಯಿಂದ ನಗುತ್ತಿದ್ದಾಳೆ, ಅವಳಪ್ಪ ಗೆದ್ದ, ಅಂಗೇ ಬುಡವ್ವ ಎಲೇಲಿ, ಸೋತೋರು ಬುಡದೆ ಗೆದ್ದೋರು ಬುಡ್ತಾರಾ, ಅಂತ ಮಾವ ನನ್ನ ತಲೆ ಸವರಿ ಸೌಟು ಹಿಡಿದು ಎದುರು ಸಾಲಿಗೆ ನಡೆದರು, ಇನ್ನು ಈ ಯಪ್ಪನ್ನ ನೋಡ್ಕತೀನಿ, ಗೌರೀಶ್ ಎರಡೂ ಕೈ ಅಡ್ಡ ಹಿಡಿದಿದ್ದಾರೆ, ಸಾಕು ಮಾವ, ಸಾಕು, ಬೀಳುತ್ತಿದೆ, ಬೀಳಲಿ — ಪಂಕ್ತಿ ಏಳುವ ತನಕ ನಾನು ಏಳುವ ಹಾಗಿಲ್ಲ, ಎಲೆ ಮಡಚುವ ಹಾಗಿಲ್ಲ, ಸುಮ್ಮನೆ ಕೂತಿದ್ದೇನೆ, ಊಟದ ಮುಂದೆ ಏನೂ ಬೇಡದೆ ಕೂತಿದ್ದೇನೆ, ಬೇಡ ಅನ್ನುವ ಹಟವೂ ಇಲ್ಲ, ಅವ್ವ ನೋಡುತ್ತಾಳೋ ಅನ್ನುವ ಭಯವೂ ಇಲ್ಲ, ಮುಂದೆ ಮುದ್ದೆ ಇದೆ, ಇನ್ನೂ ಬಿಸಿ ಇದೆ, ಈ ಕಣ್ಣಿಗೆ ಮುದ್ದೆ ಆರುವುದನ್ನು ನೋಡಿಯೇ ಗೊತ್ತಿಲ್ಲ, ಅದಕ್ಕೆ ಯಾವತ್ತು ಸಮಯ ಕೊಟ್ಟಿದ್ದೆ ನಾನು, ಮುರಿದ ಕಡೆಯಿಂದ ಹಬೆ, ಬಿಳಿ ದಾರ, ಎದ್ದು, ಬಳುಕಿ, ಇಲ್ಲವಾಗಿ, ಮತ್ತೆ, ಗಾಳಿ ಬಂದರೆ ನನ್ನ ಕಡೆ ಬಗ್ಗಿ, ಮತ್ತೆ ನೆಟ್ಟಗೆ, ಹಬೆ, ಎದ್ದು, ಬಳುಕಿ, ಹಬೆ —